ಕೈಯ ಗುರುತು ಉಳಿಸದ ಕೈಕಸುಬು: ಬೆಂಗೇರಿಯ ಧ್ವಜ ಖಾದಿಯ ಪ್ರಕರಣ

2021ರ ಡಿಸೆಂಬರ್ 30ರಂದು ಕೇಂದ್ರ ಗೃಹ ಸಚಿವಾಲಯ ಭಾರತದ ಧ್ವಜ ಸಂಹಿತೆಯ ಮೊದಲ ಭಾಗದ 1.2ನೇ ಪರಿಚ್ಛೇದವನ್ನು ತಿದ್ದಿತು. ಅದುವರೆಗೆ ರಾಷ್ಟ್ರಧ್ವಜದ ಬಟ್ಟೆ ಕೈಯಲ್ಲೇ ನೂತು, ಕೈಯಲ್ಲೇ ನೇಯ್ದ ಖಾದಿ ಆಗಿರಬೇಕಿತ್ತು. ಹತ್ತಿ, ಉಣ್ಣೆ, ರೇಷ್ಮೆ, ಯಾವುದಾದರೂ ಸರಿ, ಕೈ ಮಾತ್ರ ತಪ್ಪುವಂತಿರಲಿಲ್ಲ. ತಿದ್ದುಪಡಿಯಾದ ಮೇಲೆ ಯಂತ್ರದ ಬಟ್ಟೆಗೂ ಅನುಮತಿ ಸಿಕ್ಕಿತು, ಪಾಲಿಯೆಸ್ಟರ್ ಕೂಡ ಪಟ್ಟಿಗೆ ಸೇರಿತು. ಖಾದಿಯ ರಾಷ್ಟ್ರಧ್ವಜ ತಯಾರಿಸುವ, ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಮಟ್ಟಿಗೆ ಇದು ಮಾರುಕಟ್ಟೆಯ ಬಾಗಿಲನ್ನೇ ಕಿತ್ತಿಟ್ಟಂತೆ. ಸಂಘ ಪ್ರತಿಭಟಿಸಿತು, ತಿದ್ದುಪಡಿ ಹಿಂಪಡೆಯಿರಿ ಎಂದು ಕೇಳಿತು. ಮುಂದಿನ ಆಗಸ್ಟ್‌ನಲ್ಲಿ ಮನೆಮನೆಯ ಮೇಲೂ ಧ್ವಜ ಹಾರಿಸಿ ಎನ್ನುವ ‘ಹರ್ ಘರ್ ತಿರಂಗಾ’ ಅಭಿಯಾನ ಬಂತು. ಅಂಚೆ ಕಚೇರಿಗಳಲ್ಲಿ 25 ರೂಪಾಯಿಗೊಂದು ಧ್ವಜ ಸಿಕ್ಕಿತು.

ಈ ಪ್ರಕರಣವನ್ನು ಸಾಮಾನ್ಯವಾಗಿ ಖಾದಿ ಮತ್ತು ಪಾಲಿಯೆಸ್ಟರ್‌ಗಳ ಜಗಳವೆಂದೋ, ಗಾಂಧಿಯವರಿಗೆ ಆದ ಅವಮಾನವೆಂದೋ ಓದುತ್ತಾರೆ. ಎರಡೂ ಸುಳ್ಳಲ್ಲ. ಆದರೆ ನನಗೆ ಇದರೊಳಗೆ ಇನ್ನೊಂದು ಎಳೆ ಕಾಣುತ್ತದೆ, ಅದು ಕಸುಬಿನ ಒಳಗಿನದು. ಕೈಕಸುಬನ್ನು ಹೊಗಳುವಾಗ ನಾವು ಕೈಯ ಗುರುತನ್ನು ಹೊಗಳುತ್ತೇವೆ. ಬೀದರಿನ ಬಿದರಿ ಪಾತ್ರೆಯ ಮೇಲೆ ಬೆಳ್ಳಿ ಎಳೆ ಕೂರಿಸಿದ ಉಳಿಯ ಓಟ ಕಾಣುತ್ತದೆ. ಇಳಕಲ್ಲ ಸೀರೆಯಲ್ಲಿ ಒಡಲಿಗೂ ಸೆರಗಿಗೂ ಕೊಂಡಿ ಹಾಕಿದ ಜಾಗವನ್ನು ಬಲ್ಲವರು ಬೆರಳಿಟ್ಟು ತೋರಿಸುತ್ತಾರೆ. ಧ್ವಜದ ಖಾದಿಯ ರೀತಿಯೇ ಬೇರೆ. ಅಲ್ಲಿ ಕೈಯ ಗುರುತು ಕಂಡರೆ ಬಟ್ಟೆ ತಿರಸ್ಕಾರ. ಎಳೆ ಒಂದೆಡೆ ದಪ್ಪ ಒಂದೆಡೆ ತೆಳು ಆಗುವಂತಿಲ್ಲ, ಗಂಟು ಏಳುವಂತಿಲ್ಲ, ಬಣ್ಣದಲ್ಲಿ ನೆರಳು ಬೀಳುವಂತಿಲ್ಲ. ಇಡೀ ಜೀವಮಾನ ಕಲಿತ ಕೈ, ಕೈಯೇ ಇರಲಿಲ್ಲವೇನೋ ಎಂಬಂಥ ಬಟ್ಟೆ ಕೊಡಬೇಕು. ಅಂಥ ಕಸುಬಿಗೆ ಯಂತ್ರ ಎದುರು ನಿಂತಾಗ ಏನಾಗುತ್ತದೆ ಎಂಬುದಕ್ಕೆ ಬೆಂಗೇರಿ ಸಾಕ್ಷಿ.

ಸಂಘ ಹುಟ್ಟಿದ್ದು 1957ರ ನವೆಂಬರ್ 1ರಂದು, ರಾಜ್ಯ ಏಕೀಕರಣವಾಗಿ ಸರಿಯಾಗಿ ಒಂದು ವರ್ಷಕ್ಕೆ. ಧ್ವಜ ತಯಾರಿಕೆ ಶುರುವಾದದ್ದು ಬಹಳ ತಡವಾಗಿ, 2004ರಲ್ಲಿ. ಭಾರತೀಯ ಮಾನಕ ಬ್ಯೂರೊದ ಮಾನ್ಯತೆ 2006ರಲ್ಲಿ ಸಿಕ್ಕಿತು. ಹಾಗೆಂದು ಧಾರವಾಡ ಸೀಮೆಗೆ ಧ್ವಜದ ಬಟ್ಟೆ ಹೊಸದಲ್ಲ. ಧಾರವಾಡ ತಾಲ್ಲೂಕಿನ ಗರಗ ಅದಕ್ಕೂ ಎಷ್ಟೋ ಮೊದಲೇ ಈ ಬಟ್ಟೆಗೆ ಹೆಸರಾಗಿತ್ತು. ಸೀಮೆಯ ಎರೆಭೂಮಿ ಹತ್ತಿಯದ್ದು. ಇಲ್ಲಿನ ಜಯಧರ ಹತ್ತಿಯ ನಾರು ಗಿಡ್ಡ, ಅಂದರೆ ಸಣ್ಣ ನೂಲಿಗೆ ಒಗ್ಗದ ಜಾತಿ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷರು ಇದೇ ನೆಲದಲ್ಲಿ ಅಮೆರಿಕದ ಬೀಜ ಬಿತ್ತಿಸಿ ‘ಧಾರವಾಡ್ ಅಮೆರಿಕನ್’ ಎಂಬ ಹೆಸರಿನಲ್ಲಿ ಲ್ಯಾಂಕಶೈರಿನ ಗಿರಣಿಗಳಿಗೆ ಸಾಗಿಸಿದ್ದು ಇತಿಹಾಸ. ಗಿರಣಿಗೆ ಹೋಗುತ್ತಿದ್ದ ಹತ್ತಿಯ ಊರಲ್ಲೇ ಚರಕದ ಧ್ವಜ ತಯಾರಾಯಿತು, ಈಗ ಆ ಧ್ವಜದ ಜಾಗಕ್ಕೆ ಮತ್ತೆ ಗಿರಣಿಯ ಬಟ್ಟೆ ಬಂದಿದೆ.

ಸಮನಾದ ಎಳೆಯ ಹಟವೂ ಈ ಭಾಗಕ್ಕೆ ಹೊಸದಲ್ಲ. 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದಾಗ ಒಪ್ಪಿಗೆಯಾದ ನಿಯಮ ಒಂದಿದೆ. ಪಕ್ಷದ ಸದಸ್ಯನಾಗಬೇಕಾದರೆ ತಿಂಗಳಿಗೆ 2,000 ಗಜ ನೂಲು ಕೊಡಬೇಕು, ಅದೂ ಒಂದೇ ಸಮ ನೂತದ್ದಾಗಿರಬೇಕು. ನಾಯಕರಲ್ಲಿ ಎಷ್ಟು ಜನ ಅದನ್ನು ಪಾಲಿಸಿದರು ಎಂಬ ಲೆಕ್ಕ ಬೇಡ. ನಿಯಮ ಹೆಚ್ಚು ಕಾಲ ಬಾಳಲಿಲ್ಲ. ಆದರೆ ಉದ್ದದ ಜತೆಗೆ ‘ಸಮ’ ಎಂಬ ಷರತ್ತನ್ನೂ ಹಾಕಿದ್ದರಲ್ಲ, ಅದು ಮುಖ್ಯ. ನೂಲುವವರಿಗೆ ಗೊತ್ತು, ಕಷ್ಟ ಇರುವುದು ಅದರಲ್ಲೇ. 1947ರ ಜುಲೈ 22ರಂದು ಸಂವಿಧಾನ ಸಭೆ ಧ್ವಜವನ್ನು ಅಂಗೀಕರಿಸಿದಾಗ ನಡುವಿನ ಚರಕ ಹೋಗಿ ಅಶೋಕ ಚಕ್ರ ಬಂತು. ಚಿತ್ರದಿಂದ ಕೆಳಗಿಳಿದ ಚರಕ ಬಟ್ಟೆಯೊಳಗೆ ಮಾತ್ರ ಉಳಿದುಕೊಂಡಿತ್ತು.

ಬಟ್ಟೆ ಆಗುವ ಬಗೆ

ಬೆಂಗೇರಿಯಲ್ಲಿ ಎಲ್ಲವೂ ಒಂದೇ ಸೂರಿನಡಿ ಆಗುವುದಿಲ್ಲ. ನೂಲುವುದು, ನೇಯುವುದು ಹಳ್ಳಿಗಳಲ್ಲಿ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ ಇದಕ್ಕೆ ಹೆಸರಾದ ಊರು. ಬಣ್ಣ, ಚಕ್ರದ ಅಚ್ಚು, ಹೊಲಿಗೆ, ಹಗ್ಗ ಕೂರಿಸುವುದು ಬೆಂಗೇರಿಯಲ್ಲಿ. ಇಲ್ಲಿ ದುಡಿಯುವವರಲ್ಲಿ ಹೆಂಗಸರೇ ಹೆಚ್ಚು.

ನೂಲುವುದರಿಂದ ಶುರುಮಾಡೋಣ. ಖಾದಿ ಕೇಂದ್ರದಲ್ಲಿರುವುದು ಅಂಬರ ಚರಕ. ತಮಿಳುನಾಡಿನ ಏಕಾಂಬರನಾಥ್ ರೂಪಿಸಿದ ಚರಕದ ವಂಶದ್ದು, ಈಗ ಎಂಟು ಕದಿರುಗಳದ್ದು, ಕದಿರು ಎಂದರೆ ತಿರುಗುತ್ತ ನೂಲು ಸುತ್ತಿಕೊಳ್ಳುವ ಕಡ್ಡಿ. (ಇದೂ ಒಂದು ಯಂತ್ರವೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಆದರೆ ತಿರುಗಿಸುವುದು ತೋಳು, ವಿದ್ಯುತ್ತಲ್ಲ.) ಹಿಡಿಕೆ ತಿರುಗಿಸಿದಂತೆ ಹಂಜಿ, ಅಂದರೆ ನೂಲಲು ಹದಮಾಡಿದ ಹತ್ತಿಯ ಎಳೆ, ಉರುಳೆಗಳ ನಡುವೆ ಜಗ್ಗಿ ತೆಳುವಾಗುತ್ತದೆ, ಕದಿರು ತಿರುಗಿ ಹುರಿ ಕೊಡುತ್ತದೆ. ನೋಡುವವರಿಗೆ ಸುಲಭ ಅನಿಸುತ್ತದೆ. ಒಂದು ಕೈ ತಿರುಗಿಸುತ್ತಲೇ ಇರಬೇಕು, ವೇಗ ಏರಿಳಿಯಬಾರದು. ವೇಗ ಜಿಗಿದರೆ ಎಳೆ ಹರಿಯುತ್ತದೆ, ಹಂಜಿ ಒಂದೆಡೆ ದಟ್ಟವಾಗಿದ್ದರೆ ನೂಲು ಅಲ್ಲಿ ಉಬ್ಬುತ್ತದೆ. ಕಣ್ಣು ಎಂಟೂ ಎಳೆಗಳ ಮೇಲೆ ಓಡಾಡುತ್ತಿರಬೇಕು. ಎಳೆ ಹರಿದಾಗ ನಿಲ್ಲಿಸಿ ತುದಿಗೆ ತುದಿ ಕೂಡಿಸುವುದೇ ನಿಜವಾದ ಪರೀಕ್ಷೆ. ಹೊಸಬರು ಕೂಡಿಸಿದ ಜಾಗ ಬೆರಳಿಗೆ ಸಿಗುತ್ತದೆ. ಪಳಗಿದವರು ಎರಡು ಬೆರಳಲ್ಲಿ ತುದಿ ಹೊಸೆದು ಹಾಗೇ ಬಿಡುತ್ತಾರೆ, ಎಲ್ಲಿ ಹರಿದಿತ್ತೆಂದು ಆಮೇಲೆ ಅವರಿಗೇ ಹುಡುಕಲಾಗದು. ಇದನ್ನು ಯಾರೂ ಹೇಳಿಕೊಡಲಾರರು. ಪಕ್ಕದಲ್ಲಿ ಕೂತು ನೋಡಿ ಬರಬೇಕಾದ ವಿದ್ಯೆ ಇದು.

ನೂಲು ಲಡಿಯಾಗುತ್ತದೆ. ಒಂದು ಲಡಿ ಎಂದರೆ ಸಾವಿರ ಮೀಟರ್, ಕೂಲಿಯ ಅಳತೆಯೂ ಅದೇ. ಉದ್ದಕ್ಕೆ ಬರುವ ಹಾಸಿನ ನೂಲಿಗೆ ಗಂಜಿ ಹಾಕಿ, ಅಡ್ಡಕ್ಕೆ ಬರುವ ಹೊಕ್ಕಿನ ನೂಲನ್ನು ಕಂಡಿಕೆಗೆ ಸುತ್ತಿ, ಮಗ್ಗಕ್ಕೆ ಏರಿಸಿದ ಮೇಲೆ ಕೆಲಸ ನೇಕಾರನದ್ದು. ಲಾಳಿ ಒಂದೊಂದು ಸಲ ದಾಟಿದಾಗಲೂ ಹಲಗೆಯ ಪೆಟ್ಟು ಬೀಳಬೇಕು, ಬೆಳಿಗ್ಗೆ ಎಷ್ಟು ಬಲವೋ ಸಂಜೆಗೂ ಅಷ್ಟೇ ಬಲ. ಊಟಕ್ಕೆ ಎದ್ದು ಬಂದು ಮೊದಲ ಪೆಟ್ಟು ಸ್ವಲ್ಪ ಹಗುರವಾಯಿತೆನ್ನಿ, ಬಿಳಿ ಬಟ್ಟೆಯಲ್ಲಿ ಅದು ಕಾಣುವುದಿಲ್ಲ. ಕೇಸರಿಯಲ್ಲೋ ಹಸಿರಲ್ಲೋ ಅದ್ದಿ ತೆಗೆದಾಗ ಅಡ್ಡಗೆರೆಯಾಗಿ ಎದ್ದು ಕೂರುತ್ತದೆ, ಬಿಗಿ ನೇಯ್ಗೆ ಒಂದು ಬಗೆಯಲ್ಲಿ ಬಣ್ಣ ಕುಡಿದರೆ ಸಡಿಲ ನೇಯ್ಗೆ ಇನ್ನೊಂದು ಬಗೆಯಲ್ಲಿ ಕುಡಿಯುವುದರಿಂದ. ತುಳಸಿಗೇರಿಯಲ್ಲಿ ಆದ ಅರೆಗಳಿಗೆಯ ಮೈಮರೆವು ಹುಬ್ಬಳ್ಳಿಯ ಬಣ್ಣದ ತೊಟ್ಟಿಯಲ್ಲಿ ಹೊರಬೀಳುತ್ತದೆ.

ಧ್ವಜದ ಮೈಗೆ ಬಳಸುವುದು ‘ಬಂಟಿಂಗ್’. ಕಂಬದ ಬದಿಗೆ ಹಗ್ಗ ತೂರಿಸುವ ಪಟ್ಟಿಗೆ ‘ಡಕ್’ ಎಂಬ ದಪ್ಪ ಬಟ್ಟೆ ಬೇಕು. ಸಾದಾ ನೇಯ್ಗೆಗಿಂತ ಹೆಚ್ಚು ಎಳೆ ಕೂಡಿಸಿ ನೇಯ್ದದ್ದು ಅದು, ಬಣ್ಣ ಹಾಕದೆ ಹತ್ತಿಯ ಮಣ್ಣುಬಣ್ಣದಲ್ಲೇ ಬಿಡುತ್ತಾರೆ. ಧ್ವಜ ಗಾಳಿಗೆ ಬಡಿದುಕೊಳ್ಳುವಾಗ ಜಗ್ಗಾಟವೆಲ್ಲ ಬೀಳುವುದು ಈ ಪಟ್ಟಿಯ ಮೇಲೆ. ಡಕ್ ನೇಯಬಲ್ಲವರು ದೇಶದಲ್ಲೇ ಬೆರಳೆಣಿಕೆಯಷ್ಟು ಎನ್ನುತ್ತಾರೆ.

ಇನ್ನು ಮಾನಕ. ರಾಷ್ಟ್ರಧ್ವಜದ ಮಾನಕದ ಸಂಖ್ಯೆ ಐಎಸ್ 1. ದೇಶ ಗಣರಾಜ್ಯವಾದ ಮರುವರ್ಷ 1951ರಲ್ಲಿ ಬಂದದ್ದು, ಮೆಟ್ರಿಕ್ ಅಳತೆಗಾಗಿ 1964ರಲ್ಲಿ, ಮತ್ತೆ 1968ರಲ್ಲಿ ಪರಿಷ್ಕಾರವಾದದ್ದು. ಒಂಬತ್ತು ಅಳತೆಗಳಿವೆ. ಎಲ್ಲಕ್ಕಿಂತ ದೊಡ್ಡದು 6300ಕ್ಕೆ 4200 ಮಿಲಿಮೀಟರ್, ಎಲ್ಲಕ್ಕಿಂತ ಚಿಕ್ಕದು 150ಕ್ಕೆ 100. ದೊಡ್ಡದರ ಚಕ್ರದ ವ್ಯಾಸ 1295 ಮಿಲಿಮೀಟರ್. ಚಿಕ್ಕದರದ್ದು ಕೇವಲ 25. ಆ 25ರೊಳಗೂ 24 ಅರಗಳು ಒಂದಕ್ಕೊಂದು ಅಂಟದೆ ಬರಬೇಕು. ಚಕ್ರ ಎರಡೂ ಬದಿಯಲ್ಲಿ ಪೂರ್ತಿ ಕಾಣಬೇಕು. ಮೇಜಿನ ಮೇಲಿಡುವ ಪುಟ್ಟ ಧ್ವಜದ ಒಂದು ಮುಖದ ಅಚ್ಚು ಕೂದಲೆಳೆಯಷ್ಟು ಜರುಗಿದರೂ ಬೆಳಕಿಗೆ ಹಿಡಿದಾಗ ಚಕ್ರ ಜೋಡಿಯಾಗಿ ಕಾಣುತ್ತದೆ. ದೊಡ್ಡ ಧ್ವಜ ಭಾರದ ಕೆಲಸ ನಿಜ, ಆದರೆ ಅಚ್ಚು ಹಾಕುವವರಿಗೆ ತ್ರಾಸು ಕೊಡುವುದು ಚಿಕ್ಕದೇ ಇರಬೇಕು.

ಎಳೆಗಳ ಎಣಿಕೆ, ಬಟ್ಟೆಯ ತೂಕ, ಬಣ್ಣದ ಛಾಯೆ, ಬಿಸಿಲಿಗೂ ನೀರಿಗೂ ಬಣ್ಣ ನಿಲ್ಲುವ ಶಕ್ತಿ, ಹಗ್ಗದ ಸೆಣಬು, ಎಲ್ಲಕ್ಕೂ ಪರೀಕ್ಷೆ ಇದೆ. ಒಂದು ಧ್ವಜ ಹೊರಹೋಗುವ ಹೊತ್ತಿಗೆ ಹದಿನೆಂಟು ಬಾರಿ ತಪಾಸಣೆಯಾಗುತ್ತದೆ ಎಂಬುದು ಈ ಘಟಕದ ಬಗ್ಗೆ ಮತ್ತೆ ಮತ್ತೆ ವರದಿಯಾಗಿರುವ ಮಾತು.

ಲಡಿಯ ಲೆಕ್ಕ

ಈಗ 25 ರೂಪಾಯಿಯ ಧ್ವಜದ ಪಕ್ಕ ಇದನ್ನಿಟ್ಟು ನೋಡಬೇಕು. ಅಂಚೆ ಕಚೇರಿಯಲ್ಲಿ ಮಾರಿದ ಧ್ವಜ 20ಕ್ಕೆ 30 ಅಂಗುಲದ್ದು. ಅಷ್ಟೇ ಅಳತೆಯ ಖಾದಿಗೆ ಎಷ್ಟು ನೂಲು ಬೇಕು? ಹಾಸಿನಲ್ಲೂ ಹೊಕ್ಕಿನಲ್ಲೂ ಸೆಂಟಿಮೀಟರಿಗೆ ಹದಿನೈದು ಎಳೆ ಎಂದು ಇಟ್ಟುಕೊಳ್ಳೋಣ, ಮೋಟಾಗಿ. ಸುಮಾರು 1,160 ಮೀಟರ್ ಬರುತ್ತದೆ. ಒಂದು ಲಡಿಗಿಂತ ಸ್ವಲ್ಪ ಹೆಚ್ಚು. ಆಗ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ನೂಲುವ ದರ ಲಡಿಗೆ 7 ರೂಪಾಯಿ 50 ಪೈಸೆ. ಅಂದರೆ ಬರೀ ನೂತ ಕೂಲಿಯೇ ಒಂಬತ್ತು ರೂಪಾಯಿಯ ಹತ್ತಿರ. ಹತ್ತಿಯ ಬೆಲೆ, ನೇಯ್ಗೆ, ಬಣ್ಣ, ಚಕ್ರ, ಹೊಲಿಗೆ, ಡಕ್ ಪಟ್ಟಿ, ಹಗ್ಗ, ಪರೀಕ್ಷೆಯ ಶುಲ್ಕ, ತಿರಸ್ಕೃತ ಬಟ್ಟೆಯ ನಷ್ಟ, ಇದೆಲ್ಲ ಆಮೇಲೆ. ಖಾದಿ ಧ್ವಜ ಯಾವ ಕಾಲಕ್ಕೂ 25 ರೂಪಾಯಿಗೆ ಬರುವುದಿಲ್ಲ. ಬರಬೇಕೆಂದರೆ ಯಾರದೋ ಹೊಟ್ಟೆಗೆ ಕೈ ಹಾಕಬೇಕು.

ಹೊಟ್ಟೆಗೆ ಮೊದಲೇ ಕೈ ಬಿದ್ದಿತ್ತು ಎನ್ನುವುದನ್ನೂ ಹೇಳಬೇಕು, ಇಲ್ಲವಾದರೆ ಈ ಬರಹ ಬರೀ ಭಜನೆಯಾಗುತ್ತದೆ. 7.50ರ ದರದಲ್ಲಿ ದಿನಕ್ಕೆ ಇಪ್ಪತ್ತು ಲಡಿ, ಅಂದರೆ ಇಪ್ಪತ್ತು ಕಿಲೋಮೀಟರ್ ನೂಲು ತೆಗೆದರೂ ಕೈಗೆ ಬರುವುದು 150 ರೂಪಾಯಿ. ಅದೇ 2022–23ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 309 ರೂಪಾಯಿ. ರಾಜ್ಯ ಸರ್ಕಾರದ ಪ್ರೋತ್ಸಾಹಧನ ಸೇರಿದರೂ ಅಂತರ ಮುಚ್ಚುವಂಥದ್ದಲ್ಲ. ವರ್ಷಗಟ್ಟಲೆ ಪಳಗಿದ ಕೈಗೆ, ಕೆರೆ ಹೂಳೆತ್ತಲು ಬಂದ ಹೊಸ ಕೈಯ ಅರ್ಧ ಕೂಲಿ. ಧ್ವಜ ಖಾದಿ ಕಾನೂನಿನ ನೆರಳಲ್ಲಿ ಭದ್ರವಾಗಿದ್ದ ಕಾಲದಲ್ಲೂ ಇದೇ ಸ್ಥಿತಿ ಇತ್ತು. ಮಾರುಕಟ್ಟೆಗೆ ರಕ್ಷಣೆ ಇತ್ತು, ನೂಲುವ ಹೆಂಗಸಿಗೆ ಅಷ್ಟಾಗಿ ಇರಲಿಲ್ಲ. ಪಾಲಿಯೆಸ್ಟರ್ ಬಂದು ಎಲ್ಲ ಹಾಳಾಯಿತು ಎನ್ನುವವರು ಈ ಅಂಕಿಯನ್ನು ಮರೆತು ಮಾತಾಡುತ್ತಾರೆ.

ದರ ಆಮೇಲೆ ಏರಿದೆ. 2023ರ ಏಪ್ರಿಲ್‌ನಿಂದ ಲಡಿಗೆ 10 ರೂಪಾಯಿ, 2024ರ ಗಾಂಧಿ ಜಯಂತಿಯಿಂದ 12.50, 2025ರ ಏಪ್ರಿಲ್‌ನಿಂದ 15. ಮೂರು ವರ್ಷದೊಳಗೆ ಇಮ್ಮಡಿ. ಇದು ಸಣ್ಣ ಸಂಗತಿಯಲ್ಲ. ಆದರೂ ಅದೇ ಇಪ್ಪತ್ತು ಲಡಿಗೆ ಈಗ 300, ಉದ್ಯೋಗ ಖಾತ್ರಿ ಕೂಲಿ 2025–26ರಲ್ಲಿ 370. ತಾಯಿ ನೂಲುತ್ತಿದ್ದ ಚರಕದ ಮುಂದೆ ಮಗಳು ಕೂರದೆ ಗಾರ್ಮೆಂಟ್ಸ್ ಕಡೆ ನಡೆದರೆ ಅದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ತಿದ್ದುಪಡಿಯ ಪರವಾಗಿ

ಸರ್ಕಾರದ ಕಡೆಯ ವಾದವನ್ನೂ ನ್ಯಾಯವಾಗಿ ಕೇಳಬೇಕು. 2022ರ ಅಭಿಯಾನದ ಗುರಿ 20 ಕೋಟಿ ಮನೆಗಳು. ಮೇಲಿನ ಲೆಕ್ಕವನ್ನೇ ಹಿಡಿದರೆ ಅಷ್ಟು ಧ್ವಜಕ್ಕೆ 23 ಕೋಟಿ ಲಡಿ ಬೇಕು. ದಿನಕ್ಕೆ ಇಪ್ಪತ್ತು ಲಡಿಯಂತೆ ಒಂದು ಲಕ್ಷ ಜನ ಕೂತು ನೂತರೂ ನೂರಹದಿನೈದು ದಿನ, ಬರೀ ನೂಲಿಗೆ. ಕೈಮಗ್ಗದಿಂದ ಅದು ಆಗುವ ಮಾತಲ್ಲ. ಮನೆಯ ಮೇಲೆ ಧ್ವಜ ಹಾರಿಸುವ ಹಕ್ಕು ಎಲ್ಲರಿಗೂ ಇದೆ ಎಂದಮೇಲೆ ಬಡವನ ಕೈಗೆಟಕುವ ಧ್ವಜವೂ ಬೇಕು. ಆ ಹಕ್ಕಿನ ಬಗ್ಗೆ 2004ರ ಜನವರಿಯಲ್ಲಿ ಉದ್ಯಮಿ ನವೀನ್ ಜಿಂದಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಧ್ವಜ ಸಂಹಿತೆ ಶಾಸನವಲ್ಲ ಎಂದು ಹೇಳಿದ್ದೂ ಅದೇ ತೀರ್ಪು.

ಪ್ರಕರಣದ ಗಂಟು ಇರುವುದು ಆ ಕೊನೆಯ ಮಾತಿನಲ್ಲಿ. ಒಂದು ಕಸುಬು ಇಷ್ಟು ವರ್ಷ ನಿಂತದ್ದು ಸಂಸತ್ತು ಮಾಡಿದ ಕಾಯ್ದೆಯ ಮೇಲಲ್ಲ, ಕಾರ್ಯಾಂಗದ ಸೂಚನೆಯೊಂದರ ಮೇಲೆ. ತೆಗೆಯಲು ಚರ್ಚೆ ಬೇಕಾಗಲಿಲ್ಲ, ಒಂದು ಆದೇಶ ಸಾಕಾಯಿತು. ತೆರಿಗೆಯಲ್ಲಿ ಉಳಿದಿದ್ದ ಸಣ್ಣ ವ್ಯತ್ಯಾಸವೂ 2022ರ ಆಗಸ್ಟ್ 18ಕ್ಕೆ ಹೋಯಿತು. ಯಂತ್ರದ ಧ್ವಜಕ್ಕೂ, ಪಾಲಿಯೆಸ್ಟರ್ ಧ್ವಜಕ್ಕೂ ಜಿಎಸ್‌ಟಿ ವಿನಾಯಿತಿ ಇದೆ ಎಂದು ಹಣಕಾಸು ಸಚಿವಾಲಯ ಸ್ಪಷ್ಟಪಡಿಸಿತು.

ಎರಡನ್ನೂ ಉಳಿಸುವ ದಾರಿ ಇರಲಿಲ್ಲವೇ? ಇತ್ತು ಎನ್ನುವುದು ನನ್ನ ಅಭಿಪ್ರಾಯ. ಮನೆಗಳ ಮೇಲಿನ ಧ್ವಜ ಬೇರೆ, ಸರ್ಕಾರಿ ಕಟ್ಟಡದ ಮೇಲಿನದು ಬೇರೆ ಎಂದು ಸಂಹಿತೆಯಲ್ಲೇ ಗೆರೆ ಎಳೆಯಬಹುದಿತ್ತು. ಸಂಹಿತೆಗೆ ಅಂಥ ವಿಂಗಡಣೆ ಹೊಸದೇನಲ್ಲ. ಗಣ್ಯರ ವಿಮಾನಕ್ಕೆ 450ಕ್ಕೆ 300, ಕಾರಿಗೆ 225ಕ್ಕೆ 150, ಮೇಜಿಗೆ 150ಕ್ಕೆ 100 ಎಂದು ಜಾಗಕ್ಕೊಂದು ಅಳತೆ ಹೇಳುವ ಸಂಹಿತೆ, ಜಾಗಕ್ಕೊಂದು ಬಟ್ಟೆ ಹೇಳಲು ಏನು ಅಡ್ಡಿ? ಕಚೇರಿ, ನ್ಯಾಯಾಲಯ, ಶಾಲೆ, ಠಾಣೆ, ರಾಯಭಾರ ಕಚೇರಿಗಳಿಗೆ ಖಾದಿಯೇ ಎಂದಿದ್ದರೆ ಬೆಂಗೇರಿಗೆ ವರ್ಷವಿಡೀ ಕೆಲಸವಿರುತ್ತಿತ್ತು. 20 ಕೋಟಿ ಮನೆಗಳ ಬೇಡಿಕೆ ಖಾದಿಗೆ ಎಂದೂ ಬೇಕಿರಲಿಲ್ಲ, ಅದನ್ನು ಪೂರೈಸುವ ಶಕ್ತಿಯೂ ಇರಲಿಲ್ಲ. ಅದಕ್ಕೆ ಬೇಕಿದ್ದದ್ದು ಸಣ್ಣದಾದರೂ ತಪ್ಪದ ಬೇಡಿಕೆ.

ಕೈಯ ಗುರುತಿನ ಪ್ರಶ್ನೆಗೆ ಮರಳುತ್ತೇನೆ. ಚೆನ್ನಾಗಿ ತಯಾರಾದ ಖಾದಿ ಧ್ವಜವನ್ನೂ ಗಿರಣಿಯ ಹತ್ತಿ ಧ್ವಜವನ್ನೂ ಎತ್ತರದ ಕಂಬದ ಮೇಲೆ ಏರಿಸಿದರೆ ಕೆಳಗೆ ನಿಂತವನಿಗೆ ಯಾವುದು ಯಾವುದೆಂದು ತಿಳಿಯುವುದು ಕಷ್ಟ. ಕಸುಬಿನ ಗೆಲುವೇ ಅದಕ್ಕೆ ಮುಳುವಾಯಿತು. ಬಿದರಿಯವರಾದರೆ ಹೂಜಿಯನ್ನು ಮುಂದಿಟ್ಟು ‘ನೋಡಿ’ ಎಂದರೆ ಸಾಕು. ನೂಲುವವರು ಏನನ್ನು ತೋರಿಸಬೇಕು? ತಪ್ಪಿಲ್ಲದ್ದನ್ನು ತೋರಿಸುವುದು ಹೇಗೆ? ಹಾಗಾಗಿ ‘ಒಳ್ಳೆಯ ಸರಕಿಗೆ ಗಿರಾಕಿ ತಾನೇ ಬರುತ್ತಾನೆ’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಈ ಕೌಶಲವನ್ನು ಕೊಳ್ಳುವವನ ಕಣ್ಣು ಗುರುತಿಸಲಾರದು, ಕೊಳ್ಳುವ ನಿಯಮವೇ ಗುರುತಿಸಬೇಕು. ಪ್ರಶಸ್ತಿ, ಶಾಲು, ಸ್ವಾತಂತ್ರ್ಯ ದಿನದ ವಿಶೇಷ ವರದಿ, ಇವುಗಳಿಂದ ಬೇರೆ ಕಸುಬುಗಳಿಗೆ ಒಂದಿಷ್ಟು ಲಾಭ ಆಗಬಹುದು. ಧ್ವಜ ಖಾದಿಗೆ ಬೇಕಾದದ್ದು ಖರೀದಿ ಆದೇಶ.

ಅದಕ್ಕೆ ದೆಹಲಿಯನ್ನೇ ಕಾಯಬೇಕೆಂದಿಲ್ಲ. ತಿದ್ದಿದ ಸಂಹಿತೆ ಯಂತ್ರದ ಬಟ್ಟೆಗೆ ಅವಕಾಶ ಕೊಟ್ಟಿದೆ, ಖಾದಿಯನ್ನು ತೆಗೆದುಹಾಕಿಲ್ಲ. ಪಟ್ಟಿಯಲ್ಲಿ ಖಾದಿ ಇನ್ನೂ ಇದೆ. ತನ್ನ ಕಚೇರಿಗಳು, ಶಾಲೆಗಳು, ಗ್ರಾಮ ಪಂಚಾಯಿತಿಗಳು ಐಎಸ್ 1 ಗುರುತಿನ ಖಾದಿ ಧ್ವಜವನ್ನೇ ಕೊಳ್ಳಬೇಕು ಎಂದು ಯಾವ ರಾಜ್ಯವೂ ಸುತ್ತೋಲೆ ಹೊರಡಿಸಬಹುದು. ಧ್ವಜ ಬಿಸಿಲಿಗೆ ಮಾಸುತ್ತದೆ, ಅಂಚು ಹರಿಯುತ್ತದೆ, ಹರಿದದ್ದನ್ನು ಹಾರಿಸುವಂತಿಲ್ಲ, ಬದಲಿಸಲೇಬೇಕು. ದಿನವೂ ಧ್ವಜ ಹಾರುವ ಕಟ್ಟಡಗಳ ಬದಲಿ ಬೇಡಿಕೆ ಆಗಸ್ಟ್‌ಗೆ, ಜನವರಿಗೆ ಕಾಯುವುದಿಲ್ಲ. ಬೆಂಗೇರಿಯ ಹೊಲಿಗೆ ಯಂತ್ರಗಳಿಗೂ ತುಳಸಿಗೇರಿಯ ಮಗ್ಗಗಳಿಗೂ ಬೇಕಿರುವುದು ಆ ಲೆಕ್ಕ. ಸ್ವಂತಕ್ಕೆ ಕೊಳ್ಳುವವರು ಕಂಬದ ಬದಿಯ ಪಟ್ಟಿಯನ್ನು ತಿರುಗಿಸಿ ನೋಡಲಿ: ಮಣ್ಣುಬಣ್ಣದ ಡಕ್, ಅದರ ಮೇಲೆ ಮಾನಕದ ಮುದ್ರೆ, ತಯಾರಿಸಿದವರ ಹೆಸರು, ಅಳತೆ. ಮುದ್ರೆ ಇಲ್ಲವಾದರೆ ಅಂಗಡಿಯವನು ಖಾದಿ ಎಂದು ಆಣೆ ಮಾಡಿದರೂ ನಂಬಬೇಕಿಲ್ಲ.